ನೀರಿನಲ್ಲಿ ಓಡುವ ಬೈಕಿಗೆ ಬಹುಮಾನ ಕೊಡುವ ಮುನ್ನ

ಹೈಸ್ಕೂಲಿನ ವಿಜ್ಞಾನ ಶಿಕ್ಷಕರಿಗೆ, ವಸ್ತುಪ್ರದರ್ಶನಗಳ ತೀರ್ಪುಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಷ್ಟ್ರುಗಳೇ, ಮೇಡಂಗಳೇ,

ವಸ್ತುಪ್ರದರ್ಶನದ ಹಂಗಾಮು ಬಂತೆಂದರೆ ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕಗಳ ಜೊತೆಗೆ ಥರ್ಮಾಕೋಲ್ ಮತ್ತು ಚಾರ್ಟ್ ಪೇಪರಿನ ಲೆಕ್ಕವೂ ನಿಮ್ಮ ತಲೆಗೇ ಬರುತ್ತದೆ. ಆ ಗದ್ದಲದ ನಡುವೆ ಒಂದಿಷ್ಟು ಹೊತ್ತು ಬಿಡುವು ಮಾಡಿಕೊಂಡು ಇದನ್ನು ಓದಬೇಕೆಂದು ಕೋರಿಕೆ. ವಿಷಯ ಒಂದೇ: ನೀರನ್ನು ಒಡೆದು ಇಂಧನ ಮಾಡುತ್ತೇವೆ ಎನ್ನುವ ಮಾದರಿಗಳು.

ಅವು ಹೇಗಿರುತ್ತವೆಂದು ನಿಮಗೆ ಗೊತ್ತು. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಟೀಲಿನ ಎರಡು ತಗಡು, ಪಕ್ಕದಲ್ಲಿ ಬೈಕಿನ ಬ್ಯಾಟರಿ, ಡ್ರಿಪ್ ಬಾಟಲಿಯ ಪೈಪು, ಅದರ ತುದಿಯಲ್ಲಿ ಸೋಪಿನ ನೀರು. ಗುಳ್ಳೆಗೆ ಬೆಂಕಿಕಡ್ಡಿ ತೋರಿಸಿದರೆ 'ಟಪ್' ಎನ್ನುತ್ತದೆ. ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಚಾರ್ಟಿನಲ್ಲಿ 'ನೀರೇ ನಾಳೆಯ ಪೆಟ್ರೋಲ್' ಎಂದು ಬಣ್ಣದ ಅಕ್ಷರಗಳಲ್ಲಿ ಬರೆದಿರುತ್ತದೆ. ಒಂದು ಟೇಬಲ್ಲಿಗೆ ಮೂರು ನಿಮಿಷವೂ ಸಿಗದ ತೀರ್ಪುಗಾರರು 'ಗುಡ್ ಗುಡ್' ಎಂದು ಮುಂದೆ ಹೋಗುತ್ತಾರೆ. ಸಂಜೆ ಅದಕ್ಕೊಂದು ಬಹುಮಾನ, ಮಾರನೇ ದಿನ 'ನೀರಿನಿಂದ ಬೈಕ್ ಓಡಿಸಿದ ಹಳ್ಳಿ ಪ್ರತಿಭೆ' ಎಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ.

ಆ ಮಗುವಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಡಬ್ಬಿಯೊಳಗೆ ನಡೆದಿದ್ದು ಅಪ್ಪಟ ವಿಜ್ಞಾನ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅದು ಇದೆ. ತಕರಾರಿರುವುದು ಚಾರ್ಟಿನ ಮೇಲಿನ ಸಾಲಿನ ಬಗ್ಗೆ. ಅದನ್ನು ಬರೆದವರು ಯೂಟ್ಯೂಬ್ ಮಹಾಶಯರು. ಅದನ್ನು ಅಳಿಸಬೇಕಾದವರು ನೀವು.

ನೀರು ಇಂಧನವಲ್ಲ. ಹೈಡ್ರೋಜನ್ ಒಮ್ಮೆ ಉರಿದು ಮುಗಿದ ಮೇಲೆ ಉಳಿದ ಬೂದಿ ಅದು. ಒಲೆಯಿಂದ ಬಳಿದು ತಿಪ್ಪೆಗೆ ಹಾಕಿದ ಬೂದಿಯನ್ನು ಮತ್ತೆ ಒಲೆಗೆ ಹಾಕಿ ಅನ್ನ ಬೇಯಿಸುತ್ತೇನೆ ಎಂದವರಿಗೆ ನಮ್ಮ ಯಾವ ಅಜ್ಜಿಯೂ ಬಹುಮಾನ ಕೊಡುತ್ತಿರಲಿಲ್ಲ. ಬೂದಿಯನ್ನು ಮತ್ತೆ ಸೌದೆ ಮಾಡುವುದು ಅಸಾಧ್ಯವೇನಲ್ಲ, ಮರಗಳು ಆ ಕೆಲಸವನ್ನು ಮಾಡುತ್ತಲೇ ಇವೆ. ಆದರೆ ಅದಕ್ಕೆ ಸೂರ್ಯನ ಲೆಕ್ಕದಿಂದ ಶಕ್ತಿ ಖರ್ಚಾಗುತ್ತದೆ. ನೀರಿನದೂ ಹಾಗೆಯೇ. ಒಂದು ಮೋಲ್ ಹೈಡ್ರೋಜನ್ ಉರಿದು ನೀರಾಗುವಾಗ ಸುಮಾರು 286 ಕಿಲೋಜೌಲ್ ಶಾಖ ಹೊರಬರುತ್ತದೆ. ಆ ನೀರನ್ನು ಮತ್ತೆ ಹೈಡ್ರೋಜನ್, ಆಕ್ಸಿಜನ್ ಮಾಡಬೇಕೆಂದರೆ ಅದೇ 286 ಕಿಲೋಜೌಲ್ ವಾಪಸು ತುಂಬಿಕೊಡಬೇಕು. ವೇಗವರ್ಧಕ ಬಳಸಿದರೂ, ಅನುರಣನ ಎಂದರೂ, ಡಬ್ಬಿಯ ಮೇಲೆ ಸುರುಳಿ ಸುತ್ತಿದರೂ ಈ ಸಾಲದಲ್ಲಿ ಒಂದು ಜೌಲ್ ಕೂಡ ಮನ್ನಾ ಆಗುವುದಿಲ್ಲ. ವಾಸ್ತವದಲ್ಲಿ ಮೇಲೆ ಬಡ್ಡಿಯೂ ಬೀಳುತ್ತದೆ.

ಬಡ್ಡಿ ಎಷ್ಟು ಎಂಬುದನ್ನು ಕರೆಂಟ್ ಬಿಲ್ಲಿನ ಭಾಷೆಯಲ್ಲೇ ನೋಡೋಣ. ಒಂದು ಕಿಲೋ ಹೈಡ್ರೋಜನ್ ಮಾಡಲು ಲೆಕ್ಕದ ಪ್ರಕಾರ 39 ಯೂನಿಟ್ ಚಿಲ್ಲರೆ ಸಾಕು. ಇವತ್ತಿನ ಒಳ್ಳೆಯ ಎಲೆಕ್ಟ್ರೋಲೈಸರುಗಳಿಗೆ 50ರಿಂದ 55 ಯೂನಿಟ್ ಬೇಕಾಗುತ್ತದೆ. ಗೃಹಜ್ಯೋತಿಯ 200 ಯೂನಿಟ್ಟನ್ನೂ ಇದಕ್ಕೇ ಸುರಿದರೆ ಕೈಗೆ ಬರುವುದು ನಾಲ್ಕು ಕಿಲೋಗಿಂತ ಕಡಿಮೆ ಹೈಡ್ರೋಜನ್. ಅದನ್ನು ಫ್ಯುಯೆಲ್ ಸೆಲ್ಲಿಗೆ ಹಾಕಿ ಮತ್ತೆ ಕರೆಂಟ್ ಮಾಡಿದರೆ ಸಿಗುವುದು ಅರವತ್ತೈದರ ಆಸುಪಾಸು ಯೂನಿಟ್. ಇನ್ನೂರು ಕೊಟ್ಟು ಅರವತ್ತೈದು ಪಡೆದದ್ದಾಯಿತು. ನಡುವೆ ಅನಿಲವನ್ನು ಒತ್ತಿ ತುಂಬುವ, ಸಾಗಿಸುವ ಖರ್ಚನ್ನು ನಾನು ಇನ್ನೂ ಸೇರಿಸಿಯೇ ಇಲ್ಲ. ಅದೇ 200 ಯೂನಿಟ್ಟನ್ನು ಲಿಥಿಯಂ ಬ್ಯಾಟರಿಯಲ್ಲಿ ಇಟ್ಟು ತೆಗೆದರೆ 170ಕ್ಕೆ ಕಡಿಮೆಯಾಗುವುದು ಅಪರೂಪ. ಸ್ಕೂಟರಿಗೆ ಬ್ಯಾಟರಿ ಯಾಕೆ ಬಂತು, ಹೈಡ್ರೋಜನ್ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರದ ಮುಕ್ಕಾಲು ಭಾಗ ಇಲ್ಲೇ ಇದೆ.

'ನಮ್ಮ ತಾಲ್ಲೂಕಿನ ತೀರ್ಪುಗಾರರು ಮೂರು ನಿಮಿಷದಲ್ಲಿ ಇದನ್ನೆಲ್ಲ ಎಲ್ಲಿ ನೋಡುತ್ತಾರೆ' ಎಂದು ನೀವು ಕೇಳಬಹುದು. ನಿಜ. ಬಿಡುವಿದ್ದವರೂ, ಬಿರುದಿದ್ದವರೂ ನೋಡದೆ ಹೋದ ಉದಾಹರಣೆಗಳಿವೆ. ಅಮೆರಿಕದ ಓಹಾಯೊ ರಾಜ್ಯದ ಸ್ಟ್ಯಾನ್ಲಿ ಮೇಯರ್ ಎಂಬಾತ ನೀರಿನಿಂದ ಓಡುವ ಗಾಡಿಯನ್ನು ತೋರಿಸಿ, ಅಮೆರಿಕದ ಈ ತೀರದಿಂದ ಆ ತೀರಕ್ಕೆ 83 ಲೀಟರ್ ನೀರು ಸಾಕು ಎಂದ. ಹೂಡಿಕೆದಾರರು ದುಡ್ಡು ಕೊಟ್ಟರು. 1996ರಲ್ಲಿ ಕೋರ್ಟಿನ ಮೊಕದ್ದಮೆಯಲ್ಲಿ ತಜ್ಞರು ಅವನ 'ವಾಟರ್ ಫ್ಯುಯೆಲ್ ಸೆಲ್' ಪರೀಕ್ಷಿಸಿ ನೋಡಿದರೆ ಒಳಗಿದ್ದದ್ದು ಮಾಮೂಲಿ ವಿದ್ಯುದ್ವಿಭಜನೆ. ಅದು ದೊಡ್ಡ ವಂಚನೆಯೆಂದು ಕೋರ್ಟು ತೀರ್ಮಾನಿಸಿ, ಇಬ್ಬರು ಹೂಡಿಕೆದಾರರ 25 ಸಾವಿರ ಡಾಲರ್ ವಾಪಸು ಕೊಡಿಸಿತು. ಮೇಯರ್ 1998ರಲ್ಲಿ ತೀರಿಕೊಂಡ. ಅವನ ವಿಡಿಯೋಗಳಿಗೆ ಇನ್ನೂ ಆಯುಷ್ಯ ಮುಗಿದಿಲ್ಲ. ನಿಮ್ಮ ವಿದ್ಯಾರ್ಥಿಯ ಮೊಬೈಲಿನಲ್ಲಿ ಇವತ್ತು ಬೆಳಿಗ್ಗೆಯೂ ಓಡಿರಬಹುದು.

2012ರಲ್ಲಿ ಪಾಕಿಸ್ತಾನದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಆಘಾ ವಕಾರ್ ಅಹ್ಮದ್ ಎಂಬ ಎಂಜಿನಿಯರ್ 'ವಾಟರ್ ಕಿಟ್' ಹಾಕಿದ ಕಾರನ್ನು ಟಿ.ವಿ. ಕ್ಯಾಮೆರಾಗಳ ಮುಂದೆ ಓಡಿಸಿದ. ಸಚಿವರು ಬೆನ್ನು ತಟ್ಟಿದರು. ಆ ದೇಶದ ಅಣುಬಾಂಬಿನ ಖ್ಯಾತಿಯ ಎ.ಕ್ಯು. ಖಾನ್ ಕೂಡ ಇದರಲ್ಲಿ ಮೋಸವಿಲ್ಲ ಎಂದರು. ಪರ್ವೇಜ್ ಹೂದ್‌ಭಾಯ್ ಅವರಂಥ ಭೌತವಿಜ್ಞಾನಿಗಳು ಎದ್ದು ನಿಂತು, ಇದು ಉಷ್ಣಬಲ ವಿಜ್ಞಾನದ ನಿಯಮಕ್ಕೇ ವಿರುದ್ಧ ಎಂದಾಗ ಅವರನ್ನು ದೇಶದ ಪ್ರತಿಭೆಯನ್ನು ಸಹಿಸದವರು ಎಂಬಂತೆ ನೋಡಿದವರೂ ಇದ್ದರು. ಕೆಲವು ವಾರಗಳಲ್ಲಿ ಗದ್ದಲ ತಣ್ಣಗಾಯಿತು. ಪಾಕಿಸ್ತಾನದ ಪೆಟ್ರೋಲ್ ಆಮದಿನಲ್ಲಿ ಒಂದು ಹನಿಯೂ ಕಡಿಮೆಯಾಗಲಿಲ್ಲ. ನಾವು ನಗುವ ಹಾಗಿಲ್ಲ, ಬಿಡಿ. ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಎಚ್‌ಎಚ್‌ಓ ಕಿಟ್ ಎಂಬ ಹೆಸರಿನಲ್ಲಿ ಇದೇ ಡಬ್ಬಿ, 'ಮೈಲೇಜ್ ಹೆಚ್ಚುತ್ತೆ ಸಾರ್' ಎಂಬ ಮಾತಿನ ಜೊತೆ ಮಾರಾಟವಾಗುತ್ತದೆ.

ಆ ಕಿಟ್ಟಿನ ಲೆಕ್ಕ ನಿಮ್ಮ ಹತ್ತನೇ ತರಗತಿಯ ಹುಡುಗಿಯೂ ಮಾಡಬಲ್ಲಳು. ಒಂದು ಗೂಡ್ಸ್ ಗಾಡಿ ಗಂಟೆಗೆ ನಾಲ್ಕು ಲೀಟರ್ ಡೀಸೆಲ್ ಕುಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ ಹತ್ತು ಯೂನಿಟ್‌ನಷ್ಟು ಶಾಖ, ಒಟ್ಟು ನಲವತ್ತು. ಕಿಟ್ಟಿನ ಆರು ಕೋಶಗಳ ಸಾಲಿಗೆ ಆಲ್ಟರ್ನೇಟರಿನಿಂದ 14 ವೋಲ್ಟಿನಲ್ಲಿ 20 ಆಂಪಿಯರ್ ಕೊಟ್ಟರೆ ಗಂಟೆಗೆ ಬರುವ ಹೈಡ್ರೋಜನ್ ನಾಲ್ಕೂವರೆ ಗ್ರಾಂ. ಅದರ ಶಾಖ 0.15 ಯೂನಿಟ್. ಅದನ್ನು ಹುಟ್ಟಿಸಲು ಹೋದ ಕರೆಂಟು 0.28 ಯೂನಿಟ್, ಆ ಕರೆಂಟು ಹುಟ್ಟಿಸಲು ಎಂಜಿನ್ನು ಸುಟ್ಟ ಡೀಸೆಲ್ಲಿನ ಶಾಖ ಒಂದೂಕಾಲು ಯೂನಿಟ್ಟಿನ ಹತ್ತಿರ. ಎಂಟು ರೂಪಾಯಿ ಕೊಟ್ಟು ಒಂದು ರೂಪಾಯಿ ತಂದಂತಾಯಿತು. ಆದರೂ 'ಮೈಲೇಜ್ ಬಂತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಿಟ್ ಹಾಕಿಸುವಾಗಲೇ ಏರ್ ಫಿಲ್ಟರ್ ಬದಲಾಯಿಸಿರುತ್ತಾರೆ, ಟೈರಿಗೆ ಗಾಳಿ ಹೊಡೆಸಿರುತ್ತಾರೆ, ದುಡ್ಡು ಕೊಟ್ಟ ಮೇಲೆ ಆಕ್ಸಿಲರೇಟರಿನ ಮೇಲೆ ಕಾಲೂ ಹಗುರಾಗಿರುತ್ತದೆ. ಮೈಲೇಜ್ ಬಂದದ್ದು ಅದರಿಂದ.

ಹಾಗಾದರೆ ಆ ಪ್ರಯೋಗವನ್ನೇ ಪ್ರದರ್ಶನದಿಂದ ಹೊರಗಿಡಬೇಕೆ? ಖಂಡಿತ ಬೇಡ. ನನ್ನನ್ನು ಕೇಳಿದರೆ, ನಮ್ಮ ಶಾಲೆಯ ಪ್ರಯೋಗಾಲಯಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸುವ ಪ್ರಯೋಗ ಇನ್ನೊಂದಿಲ್ಲ. ಇದು ಹುಟ್ಟಿದ್ದೂ ಹೀಗೆಯೇ, ಕೈಗೆ ಸಿಕ್ಕಿದ್ದರಲ್ಲಿ. 1800ರ ಮಾರ್ಚ್ 20ರಂದು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ತನ್ನ ಹೊಸ ಬ್ಯಾಟರಿಯ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಾಗದ ಬರೆದು ತಿಳಿಸಿದ. ಆ ಕಾಗದ ಇನ್ನೂ ಅಚ್ಚಾಗುವ ಮುಂಚೆಯೇ ವಿಲಿಯಂ ನಿಕಲ್ಸನ್ ಮತ್ತು ವೈದ್ಯ ಆಂಟನಿ ಕಾರ್ಲೈಲ್ ನಾಣ್ಯ, ಸತುವಿನ ಬಿಲ್ಲೆ, ನೆನೆಸಿದ ರಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ತಮ್ಮದೇ ಬ್ಯಾಟರಿ ಕಟ್ಟಿ, ಮೇ ತಿಂಗಳಲ್ಲಿ ಅದರ ತಂತಿಗಳನ್ನು ನೀರಿಗೆ ಇಳಿಬಿಟ್ಟರು. ಗುಳ್ಳೆ ಎದ್ದವು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಯಾವ ತಂತಿಯಿಂದ ಯಾವ ಅನಿಲ, ಎಷ್ಟು ಗಾತ್ರ ಎಂದು ಅಳೆದರು. ಮೂವತ್ತು ವರ್ಷಗಳ ಮೇಲೆ ಮೈಕೇಲ್ ಫ್ಯಾರಡೆ ಇದೇ ಗುಳ್ಳೆಗಳನ್ನು ಅಳೆದೇ ತನ್ನ ನಿಯಮಗಳನ್ನು ಕಂಡುಕೊಂಡದ್ದು. ನಮ್ಮ ಪ್ರದರ್ಶನಗಳ ಡಬ್ಬಿಗಳಲ್ಲಿ ಇಲ್ಲದಿರುವುದು ಈ ಅಳತೆ.

ಆದ್ದರಿಂದ ಅಳೆಯಲು ಹೇಳಿಕೊಡಿ. ಬೇಕಾಗುವುದು ಒಂದು ಸಾಮಾನ್ಯ ಮಲ್ಟಿಮೀಟರ್, ಒಂದು ಗಡಿಯಾರ, ಗುರುತು ಹಾಕಿದ ಒಂದು ಪ್ರನಾಳ. 6 ವೋಲ್ಟ್ ಬ್ಯಾಟರಿಯಿಂದ ಅರ್ಧ ಆಂಪಿಯರ್ ಕರೆಂಟ್ ಐದು ನಿಮಿಷ ಹರಿದರೆ ಖರ್ಚಾದದ್ದು 900 ಜೌಲ್. ಫ್ಯಾರಡೆಯ ಲೆಕ್ಕದಂತೆ ಕ್ಯಾಥೋಡಿನ ಪ್ರನಾಳದಲ್ಲಿ, ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ, ಸುಮಾರು 19 ಮಿಲಿಲೀಟರ್ ಹೈಡ್ರೋಜನ್ ಸೇರಬೇಕು. ಅದನ್ನು ಸುಟ್ಟರೆ ಬರುವ ಶಾಖ 222 ಜೌಲ್. ಬೈ-ಟು ಲೋಟದಲ್ಲಿ 50 ಮಿಲಿ ನೀರಿಟ್ಟು ಈ ಶಾಖವನ್ನೆಲ್ಲ ಅದಕ್ಕೇ ಕೊಟ್ಟರೂ ಬಿಸಿಯೇರುವುದು ಒಂದು ಡಿಗ್ರಿ. ಕೊಟ್ಟದ್ದು 900, ಬಂದದ್ದು 222. ಈ ಎರಡು ಸಂಖ್ಯೆಗಳನ್ನು ತಾನೇ ಅಳೆದು ಬರೆದ ಹುಡುಗ ಜನ್ಮದಲ್ಲಿ ಯಾವ ವಾಟರ್ ಕಿಟ್ಟಿಗೂ ದುಡ್ಡು ಕೊಡುವುದಿಲ್ಲ.

ಅವನು ಮುಂದಿನ ಪ್ರಶ್ನೆಯನ್ನೂ ಕೇಳುತ್ತಾನೆ: ಉಳಿದ ಶಕ್ತಿ ಎಲ್ಲಿ ಹೋಯಿತು ಸಾರ್? ನೀರನ್ನು ಮುಟ್ಟಿ ನೋಡಲು ಹೇಳಿ (ಮೊದಲು ತಂತಿ ಕಳಚಿ, ಆಮ್ಲ ಹಾಕಿದ್ದರೆ ಪಾತ್ರೆಯ ಹೊರಮೈ ಮುಟ್ಟಿ). ಬೆಚ್ಚಗಾಗಿರುತ್ತದೆ. ಆಮೇಲೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ನೋಡಲಿ. ಟಾರ್ಚಿನ ಎರಡು ಸೆಲ್ ಜೋಡಿಸಿ 3 ವೋಲ್ಟ್ ಕೊಟ್ಟರೆ ಗುಳ್ಳೆ ನಿಧಾನ. ಆದರೆ ಪ್ರತಿ ಜೌಲಿಗೆ ಸಿಗುವ ಅನಿಲ ಎರಡರಷ್ಟು. ಒಂದೇ ಸೆಲ್ಲಿನ 1.5 ವೋಲ್ಟಿಗೆ ಗುಳ್ಳೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನೀರು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು, ಹೊರಗಿನಿಂದ ಶಾಖ ಎಳೆದುಕೊಳ್ಳದೆ ನಡೆಯಬೇಕಾದರೆ 1.48 ಬೇಕು, ಅದರ ಮೇಲೆ ವಿದ್ಯುದಗ್ರಗಳ ಅಡ್ಡಿಯನ್ನು ಮೀರಲು ಇನ್ನಷ್ಟು ಬೇಕು. ಜಗತ್ತಿನ ಎಲೆಕ್ಟ್ರೋಲೈಸರ್ ಕಂಪನಿಗಳೆಲ್ಲ ಕೋಟಿಗಟ್ಟಲೆ ಸುರಿದು ಗುದ್ದಾಡುತ್ತಿರುವುದು ಈ 'ಇನ್ನಷ್ಟ'ನ್ನು ಕಡಿಮೆ ಮಾಡಲು. ಅದೇ ಜಗಳವನ್ನು ನಿಮ್ಮ ಶಾಲೆಯ ಬೆಂಚಿನ ಮೇಲೆ ಎರಡು ಟಾರ್ಚ್ ಸೆಲ್ಲುಗಳಲ್ಲಿ ತೋರಿಸಬಹುದು.

ಇನ್ನೊಂದು ವಿಷಯವನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ಮಕ್ಕಳ ದಾಖಲೆ ಪುಸ್ತಕಗಳಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಗಾತ್ರ ಯಾವಾಗಲೂ 2:1 ಎಂದೇ ಇರುತ್ತದೆ. ಪ್ರನಾಳದಲ್ಲಿ ಹಾಗೆ ಕಾಣುವುದು ಕಡಿಮೆ. ಆಕ್ಸಿಜನ್ ಕಡೆ ಹೆಚ್ಚುಕಮ್ಮಿ ಯಾವಾಗಲೂ ಕೊರತೆ. ವಿದ್ಯುದಗ್ರವಾಗಿ ಇಟ್ಟ ಪೆನ್ಸಿಲ್ ಕಡ್ಡಿಯ ಇಂಗಾಲವನ್ನು ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೀರು ಕಪ್ಪಗಾಗುವುದೂ ಆ ಕಡ್ಡಿ ಸವೆಯುವುದರಿಂದ. ಜೊತೆಗೆ ಹೈಡ್ರೋಜನ್ನಿಗಿಂತ ಆಕ್ಸಿಜನ್ ನೀರಿನಲ್ಲಿ ಹೆಚ್ಚು ಕರಗುತ್ತದೆ. ಕಂಡದ್ದನ್ನು ಬರೆದ ಮಗುವಿಗೆ ಅಂಕ ಕಡಿಮೆ, ಪುಸ್ತಕದಲ್ಲಿದ್ದದ್ದನ್ನು ಬರೆದ ಮಗುವಿಗೆ ಪೂರ್ತಿ ಅಂಕ ಎಂಬ ಪದ್ಧತಿ ನಮ್ಮಲ್ಲಿ ನಡೆದುಬಂದಿದೆ. '2.4:1 ಬಂತು, ಯಾಕೆಂದರೆ ಹೀಗೆ' ಎಂದು ಬರೆದವಳನ್ನು ಜಿಲ್ಲಾ ಮಟ್ಟಕ್ಕೆ ಕಳಿಸಿ. ಅವಳು ನಿಕಲ್ಸನ್ ಸಾಲಿನವಳು.

ಇದೇ ಪ್ರಯೋಗದಲ್ಲಿ ಇನ್ನೊಂದನ್ನೂ ತೋರಿಸಬಹುದು: ಬ್ಯಾಟರಿ ಕಳಚಿದ ಕೂಡಲೇ ಅದೇ ಎರಡು ಕಡ್ಡಿಗಳಿಗೆ ವೋಲ್ಟ್‌ಮೀಟರ್ ಹಿಡಿದು ನೋಡಿದರೆ ಮುಳ್ಳು ಸ್ವಲ್ಪ ಹೊತ್ತು ಮೇಲೆ ನಿಲ್ಲುತ್ತದೆ. ಕಡ್ಡಿಗೆ ಅಂಟಿಕೊಂಡ ಅನಿಲಗಳು ಮತ್ತೆ ನೀರಾಗುತ್ತಾ ಕರೆಂಟ್ ಕೊಡುತ್ತಿರುತ್ತವೆ. 1839ರಲ್ಲಿ ವಿಲಿಯಂ ಗ್ರೋವ್ ಇದನ್ನು ಹಿಡಿದು ಹೊರಟದ್ದೇ ಇವತ್ತಿನ ಫ್ಯುಯೆಲ್ ಸೆಲ್ಲಿನ ಮೂಲ.

ಸುರಕ್ಷತೆಯ ಮಾತು ಚುಟುಕಾಗಿ, ಆದರೆ ಕಟ್ಟುನಿಟ್ಟಾಗಿ. ಎರಡೂ ಅನಿಲ ಒಂದೇ ಡಬ್ಬಿಯಲ್ಲಿ ಸೇರುವ ಮಾದರಿಗೆ ಪ್ರದರ್ಶನದಲ್ಲಿ ಜಾಗ ಕೊಡಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಿಂದ ಶೇ. 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ, ನೈಲಾನ್ ಬಟ್ಟೆಯಿಂದ ಹಾರುವ ಕಿಡಿ ಸಾಕು. ಪ್ರನಾಳದಷ್ಟಾದರೆ 'ಟಪ್' ಎಂದು ಮುಗಿಯುತ್ತದೆ. ಮುಚ್ಚಿದ ಬಾಟಲಿಯಷ್ಟಾದರೆ ಕಣ್ಣು ಹೋಗುತ್ತದೆ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ, ಹಾಕಬೇಡಿ. ಸ್ಟೀಲ್ ತಗಡು, ಸ್ಟೀಲ್ ಚಮಚ ಬಳಸಿದರೆ ನೀರು ಹಳದಿಗೆ ತಿರುಗುತ್ತದೆ. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲ ಕ್ರೋಮಿಯಂ ಲವಣ. ಎಚ್‌ಎಚ್‌ಓ ಕಿಟ್ ಮಾರುವವರು ಈ ಹಳದಿ ನೀರನ್ನು ಚರಂಡಿಗೆ ಚೆಲ್ಲುತ್ತಾರೆ, ಗ್ರಾಹಕರಿಗೆ ಅದರ ಮಾತೆತ್ತುವುದಿಲ್ಲ.

ನೀರನ್ನು ಒಡೆದು ಶಕ್ತಿ ಕೂಡಿಡುವ ವಿಷಯದಲ್ಲಿ ದಾರಿ ತೋರಿಸಿದ ನಿಮ್ಮ ವೃತ್ತಿಯವರೇ ಒಬ್ಬರಿದ್ದರು. ಅವರ ಹೆಸರು ನಮ್ಮ ಪಠ್ಯಗಳಿಗೆ ಬರಬೇಕಿತ್ತು, ಬಂದಿಲ್ಲ. ಡೆನ್ಮಾರ್ಕಿನ ಆಸ್ಕೋವ್ ಎಂಬ ಹಳ್ಳಿಯ ಜನತಾ ಶಾಲೆಯಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟ್ರಿದ್ದರು. 1891ರಲ್ಲಿ ಸರ್ಕಾರದ ಸಹಾಯ ಪಡೆದು ಶಾಲೆಯ ಬಳಿ ಗಾಳಿಯಂತ್ರ ಕಟ್ಟಿಸಿದರು. ಗಾಳಿ ಬೀಸಿದಾಗ ಕರೆಂಟ್ ಬರುತ್ತದೆ, ನಿಂತಾಗ ಏನು ಮಾಡುವುದು? ಆ ಕರೆಂಟಿನಿಂದ ನೀರನ್ನು ಒಡೆದು ಅನಿಲಗಳನ್ನು ಟ್ಯಾಂಕುಗಳಲ್ಲಿ ಕೂಡಿಟ್ಟರು. 1895ರಿಂದ ಏಳು ವರ್ಷಗಳಷ್ಟು ಕಾಲ ಆ ಶಾಲೆಯ ದೀಪಗಳು ಹೈಡ್ರೋಜನ್ನಿನಲ್ಲಿ ಉರಿದವು. ಹೈಡ್ರೋಜನ್ ಟ್ಯಾಂಕಿಗೆ ಚೂರು ಆಕ್ಸಿಜನ್ ನುಸುಳಿದಾಗಲೆಲ್ಲ ಸಿಡಿದು ಕಿಟಕಿ ಗಾಜುಗಳು ಹೋದವು. ಮೇಷ್ಟ್ರು ಹೊಸ ಗಾಜು ಹಾಕಿಸಿ ಮುಂದುವರಿಸಿದರು. ಕೊನೆಗೆ ಬ್ಯಾಟರಿಗಳೇ ಮೇಲು ಎಂದು ಲೆಕ್ಕ ಹೇಳಿದಾಗ ಹಟ ಹಿಡಿಯದೆ ಅತ್ತ ತಿರುಗಿ, ಹಳ್ಳಿಯ ಹುಡುಗರಿಗೆ ಗಾಳಿ-ವಿದ್ಯುತ್ತಿನ ತರಬೇತಿ ಶುರುಮಾಡಿದರು. ಲಾ ಕೂರ್ ಎಲ್ಲಿಯೂ ನೀರು ಇಂಧನ ಎನ್ನಲಿಲ್ಲ. ಅವರ ಇಂಧನ ಗಾಳಿ. ನೀರೂ ಹೈಡ್ರೋಜನ್ನೂ ಆ ಗಾಳಿಯನ್ನು ಕಟ್ಟಿಡುವ ಕಣಜ. 1923ರಲ್ಲಿ ಕೇಂಬ್ರಿಜ್‌ನ ಭಾಷಣವೊಂದರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಮುಂದೊಂದು ದಿನ ಇಂಗ್ಲೆಂಡಿನ ತುಂಬ ಗಾಳಿಯಂತ್ರಗಳು ನಿಂತು ಹೈಡ್ರೋಜನ್ ಕೂಡಿಡುತ್ತವೆ ಎಂದು ಭವಿಷ್ಯ ನುಡಿದರು. ಅವರು ಊಹಿಸಿದ್ದನ್ನು ಈ ಮೇಷ್ಟ್ರು ಆಗಲೇ ಮಾಡಿ ಮುಗಿಸಿದ್ದರು.

ನಮ್ಮ ದೇಶವೂ ಮಾಡಿದೆ. ಭಾಖ್ರಾ ಅಣೆಕಟ್ಟಿನ ಕರೆಂಟಿನಿಂದ ನೀರನ್ನು ಒಡೆದು, ಆ ಹೈಡ್ರೋಜನ್ನಿನಿಂದ ಅಮೋನಿಯಾ, ಅಮೋನಿಯಾದಿಂದ ಗೊಬ್ಬರ ಮಾಡುವ ದೊಡ್ಡ ಕಾರ್ಖಾನೆ ಪಂಜಾಬಿನ ನಂಗಲ್‌ನಲ್ಲಿ 1961ರಲ್ಲೇ ಶುರುವಾಗಿತ್ತು. ಮರುವರ್ಷ ಅಲ್ಲೇ ದೇಶದ ಮೊದಲ ಭಾರಜಲ ಘಟಕವೂ ಬಂತು. 'ಹಸಿರು ಹೈಡ್ರೋಜನ್' ಎಂಬ ಹೆಸರೇ ಇಲ್ಲದ ಕಾಲ ಅದು. ಆಮೇಲೆ ಹೊಲಗಳ ಪಂಪುಸೆಟ್ಟುಗಳಿಗೂ ಮನೆಗಳಿಗೂ ಕರೆಂಟು ಬೇಕಾಯಿತು, ನೀರು ಒಡೆಯುವುದಕ್ಕೆ ಅದನ್ನು ಸುರಿಯುವುದು ದುಬಾರಿ ಎನಿಸಿತು. ನಂಗಲ್ ಮೊದಲು ಇಂಧನ ತೈಲಕ್ಕೆ, ಕೊನೆಗೆ ನೈಸರ್ಗಿಕ ಅನಿಲಕ್ಕೆ ತಿರುಗಿತು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆ ದಶಕಗಳ ಕಾಲ ನಾಫ್ತಾ ಬಳಸಿ, ಈಗ ಕೊಚ್ಚಿಯಿಂದ ಕೊಳವೆಯಲ್ಲಿ ಬರುವ ಅನಿಲ ಬಳಸುತ್ತದೆ. ಜಗತ್ತು ವರ್ಷಕ್ಕೆ ಹತ್ತು ಕೋಟಿ ಟನ್ನಿನ ಹತ್ತಿರ ಹೈಡ್ರೋಜನ್ ತಯಾರಿಸುತ್ತದೆ. ಬಹುಪಾಲು ಬರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ನೀರಿನಿಂದ ಬರುವುದು ನೂರಕ್ಕೆ ಒಂದು ಪಾಲೂ ಇಲ್ಲ. ತಯಾರಾದ ಹೈಡ್ರೋಜನ್ ಹೆಚ್ಚಾಗಿ ಹೋಗುವುದು ಪೆಟ್ರೋಲ್ ಸಂಸ್ಕರಣೆಗೆ, ಗೊಬ್ಬರಕ್ಕೆ. ಬೈಕಿಗಲ್ಲ.

ಈಗ ಸರ್ಕಾರ ಮತ್ತೆ ನೀರಿನ ಕಡೆ ತಿರುಗಿದೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ 19,744 ಕೋಟಿ ರೂಪಾಯಿ; 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಪ್ರದರ್ಶನಗಳ ಚಾರ್ಟುಗಳಲ್ಲಿ ಈ ಸಂಖ್ಯೆಗಳು ತಪ್ಪದೆ ಇರುತ್ತವೆ. ಅವುಗಳ ಹಿಂದಿನ ಗುಣಾಕಾರ ಭಾಗಾಕಾರ ಇರುವುದಿಲ್ಲ. ಒಂದು ಕಿಲೋ ಹೈಡ್ರೋಜನ್ನಿಗೆ ಒಂಬತ್ತು ಲೀಟರ್ ನೀರು. 50 ಲಕ್ಷ ಟನ್ನಿಗೆ ಎಷ್ಟಾಯಿತು? ಒಂದೂವರೆ ಟಿಎಂಸಿ ಚಿಲ್ಲರೆ. ಶುದ್ಧೀಕರಣ, ತಂಪು ಮಾಡುವುದು ಎಲ್ಲ ಸೇರಿ ಮೂರುಪಟ್ಟು ಎಂದರೂ ಐದು ಟಿಎಂಸಿ; ಕೆಆರ್‌ಎಸ್ ತುಂಬಿದರೆ ನಿಲ್ಲುವುದು 49 ಟಿಎಂಸಿ. ಇಡೀ ದೇಶದ ಲೆಕ್ಕದಲ್ಲಿ ನೀರು ದೊಡ್ಡ ಮಾತಲ್ಲ. ಕರೆಂಟು? ಈ ಗುರಿಗಾಗಿಯೇ 1,25,000 ಮೆಗಾವಾಟ್ ಹೊಸ ಸೌರ, ಪವನ ವಿದ್ಯುತ್ ಬೇಕೆಂದು ಮಿಷನ್ನೇ ಹೇಳುತ್ತದೆ. ನಮ್ಮ ಪಾವಗಡದ ಸೌರ ಪಾರ್ಕ್ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ಅಂಥ ಅರವತ್ತೊಂದು ಪಾವಗಡ ಬೇಕು. ಆಗ ಮಾತ್ರ ನೀರಿನ ಪ್ರಶ್ನೆ ಮತ್ತೆ ಎದ್ದುಬರುತ್ತದೆ: ಬಿಸಿಲು ಧಾರಾಳವಾಗಿರುವ ಪಾವಗಡದಂಥ ಊರಲ್ಲಿ ಕುಡಿಯುವ ನೀರಿಗೇ ತತ್ವಾರ, ಸಿಕ್ಕ ಅಂತರ್ಜಲದಲ್ಲೂ ಫ್ಲೋರೈಡ್. ಇದನ್ನು ಲೆಕ್ಕ ಹಾಕಿ ಚಾರ್ಟಿನಲ್ಲಿ ಬರೆದ ಮಗುವನ್ನು ನಾನು ಇನ್ನೂ ಕಂಡಿಲ್ಲ. ಕಂಡರೆ ಸಂತೋಷ.

ಸೌರ ವಿದ್ಯುತ್ತಿಲ್ಲದೆ ಮಾಮೂಲಿ ಲೈನಿನ ಕರೆಂಟಿನಿಂದಲೇ ನೀರು ಒಡೆದರೆ ಏನಾಗುತ್ತದೆ ಎಂಬುದೂ ಮಕ್ಕಳಿಗೆ ಒಳ್ಳೆಯ ಲೆಕ್ಕ. ನಮ್ಮ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕಿಲೋ ಹೈಡ್ರೋಜನ್ನಿಗೆ 52 ಯೂನಿಟ್ ಎಂದುಕೊಂಡರೆ 36 ಕಿಲೋ. ನೈಸರ್ಗಿಕ ಅನಿಲದಿಂದ ಮಾಡಿದ 'ಕೊಳಕು' ಹೈಡ್ರೋಜನ್ನಿನ ಪಾಲಿಗೆ ಬೀಳುವುದು ಹತ್ತು ಕಿಲೋ. ಭಾರತ ಸರ್ಕಾರ 2023ರಲ್ಲಿ ಹಾಕಿದ ಹಸಿರಿನ ಮಿತಿ ಎರಡು ಕಿಲೋ. ನೀರಿನಿಂದ ಬಂದ ಮಾತ್ರಕ್ಕೆ ಯಾವುದೂ ಹಸಿರಾಗುವುದಿಲ್ಲ.

ನಾನು ಹೈಡ್ರೋಜನ್ನಿನ ವಿರೋಧಿಯಲ್ಲ. ಬ್ಯಾಟರಿಯಿಂದ ಗೊಬ್ಬರ ಮಾಡಲಾಗದು, ಅದಿರಿನಿಂದ ಆಕ್ಸಿಜನ್ ಕಿತ್ತು ಕಬ್ಬಿಣ ಮಾಡಲಾಗದು. ಅಲ್ಲಿ ಕಲ್ಲಿದ್ದಲು, ನೈಸರ್ಗಿಕ ಅನಿಲಗಳ ಜಾಗಕ್ಕೆ ಹಸಿರು ಹೈಡ್ರೋಜನ್ ಬಂದರೆ ಅದು ಸಾರ್ಥಕ ಖರ್ಚು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೂ ಅಂಥ ಪ್ರಯತ್ನ ಶುರುವಾಗಿದೆ. ಬೆಂಗಳೂರಿನಲ್ಲಿ ಎಲೆಕ್ಟ್ರೋಲೈಸರುಗಳು ತಯಾರಾಗುತ್ತಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೃಷಿ ತ್ಯಾಜ್ಯದಿಂದ ಹೈಡ್ರೋಜನ್ ತೆಗೆಯುವ ಕೆಲಸ ನಡೆದಿದೆ. ನಿಮ್ಮ ತರಗತಿಯಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರಿಗೆ ನಾಳೆ ಕೆಲಸ ಸಿಗುವುದು ಇಲ್ಲೇ. ಅಲ್ಲಿ ಸಂದರ್ಶನದಲ್ಲಿ ಕೇಳಬಹುದಾದ ಮೊದಲ ಪ್ರಶ್ನೆ, ಕಿಲೋಗೆ ಎಷ್ಟು ಯೂನಿಟ್ ಎಂಬುದು.

ಹಾಗಾಗಿ ಕೋರಿಕೆ ಇಷ್ಟೇ. ಈ ಸಲದ ಪ್ರದರ್ಶನದಲ್ಲಿ ಶಕ್ತಿಗೆ ಸಂಬಂಧಪಟ್ಟ ಪ್ರತಿ ಮಾದರಿಯ ಮುಂದೆಯೂ ಅಂಗೈಯಗಲದ ಒಂದು ಕಾರ್ಡ್ ಇಡಿಸಿ. ಅದರಲ್ಲಿ ಎರಡೇ ಸಾಲು: ಒಳಗೆ ಹೋದ ಜೌಲ್ ಎಷ್ಟು, ಹೊರಗೆ ಬಂದ ಜೌಲ್ ಎಷ್ಟು. ಅಳೆದದ್ದನ್ನೇ ಬರೆಯಬೇಕು, ಎಷ್ಟೇ ಕಡಿಮೆ ಬಂದಿರಲಿ. ತೀರ್ಪುಗಾರರಾಗಿ ಬರುವವರಿಗೆ ಆ ಕಾರ್ಡ್ ನೋಡಿದ ಮೇಲೆಯೇ ಮಾದರಿ ನೋಡಲು ಹೇಳಿ. ಕಾರ್ಡ್ ಇಲ್ಲದ ನೀರಿನ ಬೈಕು ಎಷ್ಟೇ ಜೋರಾಗಿ ಸದ್ದು ಮಾಡಿದರೂ ಅದನ್ನು ಜಿಲ್ಲಾ ಮಟ್ಟಕ್ಕೆ ಕಳಿಸಬೇಡಿ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ